ಚದುರಿದ್ದು ಬೇರೆ, ಹಂಚಿದ್ದು ಬೇರೆ: ಬಳ್ಳಾರಿಯ ಒಂದು ಮನೆಯ ಪ್ರಕರಣ

ನಮ್ಮ ಅತ್ತಿಗೆಗೆ ಡೈರಿ ಬರೆಯುವ ಅಭ್ಯಾಸವಿಲ್ಲ. ಅವರ ಲೆಕ್ಕಪತ್ರವೆಲ್ಲ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ. ಹಾಲಿನವನು ಬಾರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ನಳಕ್ಕೆ ನೀರು ಬಂದ ದಿನ, ಎಲ್ಲವೂ ಅದರ ಚೌಕಗಳಲ್ಲೇ. ಎರಡು ವರ್ಷದ ಹಿಂದೆ ಮಂಗಳವಾರ ಮತ್ತು ಶುಕ್ರವಾರದ ಚೌಕಗಳಿಗೆ ಕೆಂಪು ಮಸಿಯ ಸುತ್ತು ಬೀಳತೊಡಗಿತು. ಸುತ್ತಿನ ಕೆಳಗೆ 300 ಎಂಬ ಅಂಕಿ. ಅದು ಹೋಗಿಬರುವ ಆಟೊ ಬಾಡಿಗೆ. ಸುತ್ತು ಅಣ್ಣನ ಡಯಾಲಿಸಿಸ್.

ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ದೊಡ್ಡ ನಗರದಲ್ಲಿ ಸೌಕರ್ಯಗಳು ನಡುವೆ ಒಂದೆಡೆ ಕೂಡಿರಬೇಕೋ, ಊರ ತುಂಬ ಹರಡಿಕೊಂಡಿರಬೇಕೋ ಎಂಬ ಪ್ರಶ್ನೆಯನ್ನು ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ವೃತ್ತ ಎಳೆದು ಬಿಡಿಸಿದ್ದೇನೆ. ಒಂದು ಭಾನುವಾರ ಈ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ಹಾಳೆ ಹಾಳೆಯಾಗಿ ನೋಡಿದ ಮೇಲೆ ನನ್ನ ವೃತ್ತಗಳ ಬಗ್ಗೆ ನನಗೇ ಸ್ವಲ್ಪ ನಾಚಿಕೆಯಾಯಿತು. ಇಲ್ಲಿ ಬರೆಯುತ್ತಿರುವುದು ಆ ಒಂದು ಮನೆಯ ವಿಚಾರ.

ಓಣಿಯಿಂದ ಬಡಾವಣೆಗೆ

ಅಣ್ಣ ಹುಟ್ಟಿ ಬೆಳೆದದ್ದು ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ. ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುವಷ್ಟು ಕಿರಿದಾದ ಓಣಿ. ಮೆಟ್ಟಿಲಿಳಿದರೆ ಹಿಟ್ಟಿನ ಗಿರಣಿ, ಗಿರಣಿಯ ಪಕ್ಕ ದರ್ಜಿ, ಮೂಲೆಗೆ ಔಷಧಿ ಅಂಗಡಿ, ಅದರ ಮೇಲಿನ ಕೋಣೆಯಲ್ಲಿ ಸಂಜೆ ಆರಕ್ಕೆ ಬಂದು ಕೂರುವ ಡಾಕ್ಟರು. ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗಳು ಕೂಗಳತೆಯಲ್ಲಿ. (ಹೊರಗಿನವರಿಗೆ ಒಂದು ಮಾತು: ಬೆಂಗಳೂರು ರಸ್ತೆ ಎಂಬುದು ಬಳ್ಳಾರಿಯ ಪೇಟೆಬೀದಿಯ ಹೆಸರು. ಅದರಲ್ಲಿ ನಡೆದವನ ಕಿಸೆ ಬೆಂಗಳೂರು ಮುಟ್ಟುವ ಬಹಳ ಮೊದಲೇ ಖಾಲಿಯಾಗುತ್ತದೆ.)

ಆರು ವರ್ಷದ ಹಿಂದೆ ಆ ಮನೆ ಮಾರಾಟವಾಯಿತು. ಓಣಿಯೊಳಗೆ ಕಾರು ಬರುವುದಿಲ್ಲ ಎಂಬುದು ಹೇಳಿಕೊಂಡ ಕಾರಣ, ಅಣ್ಣತಮ್ಮಂದಿರ ಪಾಲು ಹೇಳಿಕೊಳ್ಳದ ಕಾರಣ. ನನ್ನ ಪಾಲು ನನಗೂ ಬಂದಿದೆ, ಆದ್ದರಿಂದ ಆ ಬಗ್ಗೆ ಹೆಚ್ಚು ಬರೆಯುವ ಹಕ್ಕು ನನಗಿಲ್ಲ. ಅಣ್ಣ ಸಿರುಗುಪ್ಪ ರಸ್ತೆಯ ಕಡೆಯ ಹೊಸ ಬಡಾವಣೆಯಲ್ಲಿ ಮೂವತ್ತು ನಲವತ್ತರ ನಿವೇಶನ ಕೊಂಡು ಮನೆ ಕಟ್ಟಿದರು. ಬಡಾವಣೆಯ ಹೆಸರು ಬೇಡ, ಅಂಥವು ಹತ್ತಾರಿವೆ. ಮಾರುವಾಗ ಕೊಟ್ಟ ಬಣ್ಣದ ಕಾಗದದಲ್ಲಿ ‘ಆಸ್ಪತ್ರೆ, ಶಾಲೆ, ಮಾರುಕಟ್ಟೆಗೆ ಸಮೀಪ’ ಎಂದು ಅಚ್ಚಾಗಿತ್ತು. ನಕ್ಷೆಯಲ್ಲಿ ಸಿ.ಎ. ನಿವೇಶನ, ಅಂದರೆ ನಾಗರಿಕ ಸೌಲಭ್ಯಕ್ಕೆ ಕಾದಿಟ್ಟ ಜಾಗ, ಅಚ್ಚುಕಟ್ಟಾಗಿ ಬಣ್ಣ ಹಚ್ಚಿಸಿಕೊಂಡಿತ್ತು. ಇವತ್ತಿಗೂ ಆ ಜಾಗದಲ್ಲಿ ಜಾಲಿ ಬೆಳೆದಿದೆ. ಮೇಕೆಗಳ ಮಟ್ಟಿಗೆ ಅದು ನಿಜಕ್ಕೂ ಸೌಲಭ್ಯವೇ.

ಮೊದಲ ನಾಲ್ಕು ವರ್ಷ ದೂರ ಯಾರನ್ನೂ ಕಾಡಲಿಲ್ಲ. ಅಣ್ಣ ಸ್ಕೂಟರಿನಲ್ಲಿ ಹೋಗಿ ಹತ್ತು ಕೆಲಸ ಮುಗಿಸಿ ಬರುತ್ತಿದ್ದರು. ಆಮೇಲೆ ಸಕ್ಕರೆ ಕಾಯಿಲೆ ಮೂತ್ರಪಿಂಡಗಳನ್ನು ತಿಂದುಹಾಕಿತು. ಸ್ಕೂಟರ್ ಈಗ ಮನೆಯ ಮುಂದೆ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿದೆ.

ಕ್ಯಾಲೆಂಡರಿನ ಒಂದು ತಿಂಗಳು

ಒಂದು ತಿಂಗಳ ಓಡಾಟವನ್ನು ಅತ್ತಿಗೆಯ ಪಕ್ಕ ಕುಳಿತು ಬಿಡಿಸಿದೆ. ಎಷ್ಟು ದೂರ ಎಂಬುದನ್ನು ಬಿಟ್ಟು ಎಷ್ಟು ಸಲ ಎಂಬುದನ್ನು ಹಿಡಿದೆ. ಅಲ್ಲಿಯೇ ನನ್ನ ಪಾಠ ತಲೆಕೆಳಗಾದದ್ದು.

ದಿನವೂ ಬೇಕಾದದ್ದೆಲ್ಲ ಯಾರೂ ಯೋಜಿಸದೆ ಮನೆ ಬಾಗಿಲಿಗೆ ಬಂದಿತ್ತು. ತರಕಾರಿ ತಳ್ಳುಬಂಡಿ ಬೆಳಿಗ್ಗೆ ಎಂಟಕ್ಕೆ ಬರುತ್ತದೆ. ಯಾರೋ ತಮ್ಮ ಕಾರು ನಿಲ್ಲಿಸುವ ಜಾಗಕ್ಕೆ ಶಟರ್ ಹಾಕಿಸಿ ಕಿರಾಣಿ ಅಂಗಡಿ ತೆರೆದಿದ್ದಾರೆ. ಇನ್ನೊಂದು ಶಟರಿನೊಳಗೆ ಗಿರಣಿ, ಮತ್ತೊಂದರಲ್ಲಿ ಮಕ್ಕಳ ಟ್ಯೂಷನ್. ಬೆಳಗಿನ ಹೊತ್ತು ಒಗ್ಗರಣೆ ಮಿರ್ಚಿಯ ಬಂಡಿಯೂ ಉಂಟು, ಬಳ್ಳಾರಿಯಲ್ಲಿ ಅದಿಲ್ಲದೆ ಬಡಾವಣೆ ಊರಿಗೆ ಸೇರಿತೆಂದು ಯಾರೂ ಒಪ್ಪುವುದಿಲ್ಲ. ರಕ್ತದೊತ್ತಡ ನೋಡಿಸಲು ನಡೆದು ಹೋಗುವಷ್ಟು ದೂರದಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯ ಇದೆ. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದ ಈ ವ್ಯವಸ್ಥೆಯ ಲೆಕ್ಕ ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೆ ಒಂದು ಎಂಬುದು.

ವರ್ಷಕ್ಕೊಮ್ಮೆಯ ಕೆಲಸಗಳು ದೂರವಿದ್ದರೂ ಅತ್ತಿಗೆ ಗೊಣಗುವುದಿಲ್ಲ. ಹಬ್ಬದ ಸೀರೆಗೆ ಪೇಟೆಗೆ ಹೋಗಲೇಬೇಕು, ಹೋಗುವುದೇ ಅದರ ರುಚಿ. ಬಂಗಾರದ ಅಂಗಡಿಗಳು ಒಂದರ ಮೈಗೆ ಒಂದು ಅಂಟಿಕೊಂಡಿರುವುದು ಅವುಗಳಿಗೂ ಒಳ್ಳೆಯದು, ನಾಲ್ಕು ಕಡೆ ದರ ಕೇಳಿ ಐದನೆಯ ಕಡೆ ಕೊಳ್ಳುವ ನಮಗೂ ಒಳ್ಳೆಯದು. ಪ್ರತಿ ನವೆಂಬರಿನಲ್ಲಿ ‘ನಾನಿನ್ನೂ ಬದುಕಿದ್ದೇನೆ’ ಎಂದು ಹೇಳಿಕೊಳ್ಳಲು ಪಿಂಚಣಿದಾರರು ಸರದಿಯಲ್ಲಿ ನಿಲ್ಲುತ್ತಿದ್ದ ಕಾಲವೂ ಹೋಗಿದೆ. 2014ರಿಂದ ಡಿಜಿಟಲ್ ಜೀವನ ಪ್ರಮಾಣಪತ್ರವಿದೆ, ಅಣ್ಣ ಮನೆಯಲ್ಲೇ ಕುಳಿತು ಬೆರಳೊತ್ತಿ ಬದುಕಿರುವುದನ್ನು ರುಜುವಾತು ಮಾಡುತ್ತಾರೆ.

ಕೆಂಪು ಸುತ್ತು ಈ ಎರಡು ಗುಂಪಿಗೂ ಸೇರುವುದಿಲ್ಲ. ಅದು ವಾರಕ್ಕೆ ಎರಡು ಸಲ ಬೇಕು. ಆದರೆ ಗಿರಣಿಯ ಹಾಗೆ ಶಟರಿನೊಳಗೆ ಕೂರಿಸಲಾಗದು.

ಯಾಕೆ ಕೂರಿಸಲಾಗದು? ಯಂತ್ರದ ಬೆಲೆ, ತಂತ್ರಜ್ಞರು, ಮೇಲುಸ್ತುವಾರಿಗೆ ತಜ್ಞ ವೈದ್ಯರು, ಕರೆಂಟ್ ಹೋದರೆ ಜನರೇಟರ್, ಇವೆಲ್ಲ ಇರಲಿ. ಮುಖ್ಯವಾದದ್ದು ನೀರು. ಯಂತ್ರದೊಳಗೆ ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆ ದ್ರವ ಹರಿಯಬೇಕು. ಅಂದರೆ ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್, ಅದೂ ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧ ಮಾಡಿದ್ದು. ಅಷ್ಟನ್ನು ಸೋಸಿ ತೆಗೆಯಲು ಅದಕ್ಕಿಂತ ಹೆಚ್ಚು ನೀರು ಒಳಗೆ ಹೋಗಬೇಕು. ತುಂಗಭದ್ರೆಯ ಕಾಲುವೆಯ ನೀರನ್ನು ಕೂಡಿಟ್ಟು ಕುಡಿಯುವ ಊರು ನಮ್ಮದು. ಅಣ್ಣನ ಬಡಾವಣೆಯಲ್ಲಿ ನಳಕ್ಕೆ ನೀರು ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾರೆ ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಿ. ಸಂಪಿನ ತಳ ಕಂಡಾಗ ಟ್ಯಾಂಕರಿಗೆ ಫೋನ್ ಮಾಡುವ ಬೀದಿಯಲ್ಲಿ ಡಯಾಲಿಸಿಸ್ ಕೇಂದ್ರ ತೆರೆಯುವುದು ಸುಲಭದ ಮಾತಲ್ಲ.

ಹೀಗಾಗಿ ಕೇಂದ್ರ ಊರಿನ ಆ ತುದಿಯಲ್ಲಿ, ಮನೆ ಈ ತುದಿಯಲ್ಲಿ. ಹೋಗುವಾಗಿನ ದೂರವೂ ಬರುವಾಗಿನ ದೂರವೂ ಒಂದೇ ಅಲ್ಲ ಎಂಬುದನ್ನು ಒಂದು ಶುಕ್ರವಾರ ಜೊತೆಗೆ ಹೋದಾಗ ಕಂಡೆ. ಬೆಳಿಗ್ಗೆ ಅಣ್ಣ ನೆಟ್ಟಗೆ ಕುಳಿತು ಚಾಲಕನೊಂದಿಗೆ ರಾಜಕೀಯ ಮಾತಾಡುತ್ತಾ ಹೋದರು. ಎಡಗೈಯ ಮೊಣಕೈ ಬಳಿ ಅವರಿಗೆ ಫಿಸ್ಟುಲಾ ಮಾಡಿದ್ದಾರೆ, ಅಪಧಮನಿಯನ್ನು ಅಭಿಧಮನಿಗೆ ಕೂಡಿಸಿದ ಜಾಗ. ಅದರ ಮೇಲೆ ಬೆರಳಿಟ್ಟರೆ ಪೆಟ್ಟಿಗೆಯೊಳಗೆ ಜೇನು ಹಿಡಿದಿಟ್ಟ ಹಾಗೆ ಗುಂಯ್‌ಗುಡುತ್ತದೆ. ವಾಪಸ್ ಬರುವಾಗ ಆ ಕೈಯನ್ನು ಬಲಗೈಯಲ್ಲಿ ಮಗುವಿನಂತೆ ಹಿಡಿದುಕೊಂಡಿದ್ದರು. ರಕ್ತದೊತ್ತಡ ಇಳಿದಿತ್ತು, ತುಟಿ ಒಣಗಿತ್ತು. ಆಟೊ ರೈಲ್ವೆ ಗೇಟಿನ ಮುಂದೆ ನಿಂತಿತು. ಅದಿರು ತುಂಬಿದ ಗೂಡ್ಸ್ ಗಾಡಿ. ಡಬ್ಬಿ ಎಣಿಸುವುದು ಬಳ್ಳಾರಿಯ ಮಕ್ಕಳ ಹಳೆಯ ಆಟ. ನಾನು ಎಣಿಸಲಿಲ್ಲ, ಅಣ್ಣನ ಮುಖ ನೋಡುತ್ತಾ ಕುಳಿತೆ.

ಮನೆಗೆ ಬಂದ ಮೇಲೆ ಅತ್ತಿಗೆ ಹೇಳಿದರು: “ವಾರಕ್ಕೆ ಮೂರು ಸಲ ಮಾಡಿಸಿ ಅಂತ ಡಾಕ್ಟರು ಹೇಳುತ್ತಲೇ ಇದ್ದಾರೆ. ನಿಮ್ಮ ಅಣ್ಣ ಎರಡೇ ಸಾಕು ಅನ್ನುತ್ತಾರೆ. ಸೂಜಿಗೆ ಹೆದರಿ ಅಲ್ಲ, ಈ ಆಟೊಗೆ ಹೆದರಿ.” ಚಿಕಿತ್ಸೆಗೆ ದುಡ್ಡು ಕಟ್ಟುವಂತಿರಲಿಲ್ಲ, ಅದು ಸರ್ಕಾರಿ ಯೋಜನೆಯಲ್ಲಿ ಉಚಿತ. ಮೂರನೆಯ ಸಲವನ್ನು ತಿಂದದ್ದು ದೂರ.

ವೃತ್ತಗಳು ಹೇಳುವುದು, ಹೇಳದಿರುವುದು

ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ತನ್ನ ದೇಶದ ದಕ್ಷಿಣ ಭಾಗದ ಊರುಗಳನ್ನು ಮುಂದಿಟ್ಟುಕೊಂಡು ಕೇಂದ್ರ ಸ್ಥಳ ಸಿದ್ಧಾಂತ ಬರೆದ. ಪ್ರತಿ ಸೌಕರ್ಯವೂ ನಡೆದುಕೊಂಡು ಹೋಗಲು ಇಂತಿಷ್ಟು ಗಿರಾಕಿಗಳು ಬೇಕು. ಪ್ರತಿ ಗಿರಾಕಿಯೂ ಅದಕ್ಕಾಗಿ ಇಂತಿಷ್ಟೇ ದೂರ ಬರುತ್ತಾನೆ. ಗಿರಣಿಗೆ ಒಂದು ಬೀದಿ ಸಾಕು, ಬಂಗಾರದಂಗಡಿಗೆ ಊರು ಬೇಕು, ಹೃದಯ ಶಸ್ತ್ರಚಿಕಿತ್ಸೆಗೆ ಸೀಮೆ ಬೇಕು. ಹೀಗೆ ಸಣ್ಣ ವೃತ್ತದ ಮೇಲೆ ದೊಡ್ಡ ವೃತ್ತ. ಅದಕ್ಕೂ ಮೊದಲು 1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರ್ರಿ, ಪ್ರಾಥಮಿಕ ಶಾಲೆಯನ್ನು ನಡುವೆ ಇಟ್ಟು ಕಾಲು ಮೈಲಿ ತ್ರಿಜ್ಯದೊಳಗೆ ನೆರೆಹೊರೆ ಕಟ್ಟಬೇಕೆಂದಿದ್ದ. ಚಂಡೀಗಢದ 800 ಮೀಟರ್ ಅಗಲ, 1200 ಮೀಟರ್ ಉದ್ದದ ಸೆಕ್ಟರುಗಳು ಅದೇ ಬಳಗದವು. ಈಗ ಪ್ಯಾರಿಸ್ಸಿನ ಕಡೆಯಿಂದ, ಬೇಕಾದದ್ದೆಲ್ಲ ಕಾಲು ಗಂಟೆಯ ನಡಿಗೆಯಲ್ಲೋ ಸೈಕಲ್ಲಿನಲ್ಲೋ ಸಿಗುವ ‘ಹದಿನೈದು ನಿಮಿಷದ ನಗರ’ ಎಂಬ ಮಾತು ಕೇಳಿಬರುತ್ತಿದೆ.

ಇವರೆಲ್ಲ ತಪ್ಪಲ್ಲ. ಆದರೆ ಇವರ ವೃತ್ತಗಳಲ್ಲಿ ಎಲ್ಲರೂ ಆರೋಗ್ಯವಂತರು, ಮತ್ತು ದುಬಾರಿ ಸೌಕರ್ಯ ಅಪರೂಪಕ್ಕೆ ಮಾತ್ರ ಬೇಕಾಗುತ್ತದೆ. ದುಬಾರಿಯೂ ಹೌದು, ಪದೇ ಪದೇ ಬೇಕಾದದ್ದೂ ಹೌದು ಎಂಬಂಥದ್ದು ಬಂದಾಗ ಯಾವ ವೃತ್ತದಲ್ಲೂ ಅದಕ್ಕೆ ಜಾಗವಿಲ್ಲ. ಡಯಾಲಿಸಿಸ್ ಅಂಥದ್ದು. ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆಯೂ ಅಂಥದ್ದೇ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ಡಯಾಲಿಸಿಸ್ ಕೇಂದ್ರದಲ್ಲಿ ಈಗ ಅಣ್ಣನ ಪಕ್ಕದ ಹಾಸಿಗೆಗೆ ಬರುವ ಜೀನ್ಸ್ ಟೈಲರ್. ಬಳ್ಳಾರಿಯ ಜೀನ್ಸ್ ಕಸುಬು ಗೊತ್ತಿದ್ದವರಿಗೆ ಅವರ ಮಾತು ತಟ್ಟನೆ ಹೊಳೆಯುತ್ತದೆ. ಕತ್ತರಿಸಿದ ಬಟ್ಟೆಯ ಗಂಟು ಮನೆಮನೆಗೆ ಹೋಗುತ್ತದೆ, ಯಾರ ಪಡಸಾಲೆಯಲ್ಲಾದರೂ ಮಷಿನ್ ಇಟ್ಟು ಹೊಲಿಯಬಹುದು. ಹೊಲಿದದ್ದನ್ನು ತೊಳೆಯುವ ವಾಷಿಂಗ್ ಘಟಕ ಮಾತ್ರ ಹಾಗಲ್ಲ. ನೀರು ಬೇಕು, ಬಣ್ಣದ ನೀರು ಬಿಡಲು ವ್ಯವಸ್ಥೆ ಬೇಕು. “ಹೊಲಿಗೆ ಓಣಿಗೆ ಬರುತ್ತದೆ ಸರ್, ವಾಷಿಂಗ್‌ಗೆ ನಾವೇ ಹೋಗಬೇಕು. ನಾವೆಲ್ಲರೂ ಇಲ್ಲಿ ವಾಷಿಂಗ್‌ಗೆ ಬಂದವರೇ” ಎಂದು ಅವರು ನಕ್ಕರು.

ಎರಡು ಬಜಾರಿನ ಊರು

ಬಳ್ಳಾರಿ ಒಂದೇ ನಡುವಿನ ಸುತ್ತ ಬೆಳೆದ ಊರಲ್ಲ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಮೇಲೆ ಕೋಟೆಯ ಕಡೆಯ ಪೇಟೆಗಳು ಒಂದಾದರೆ, ದಂಡಿನ ಕಂಟೋನ್ಮೆಂಟಿಗೆಂದು ಬೆಳೆದ ಕೌಲ್ ಬಜಾರ್ ಇನ್ನೊಂದಾಯಿತು. ಕೌಲು ಎಂದರೆ ಕರಾರು. ನಡುವೆ ರೈಲು ಹಳಿ ಬಂತು. ಇವತ್ತಿಗೂ ಅಲ್ಲಿನ ಜನ ವಿಳಾಸವನ್ನು ಮೊದಲನೇ ಗೇಟು, ಎರಡನೇ ಗೇಟು ಎಂದೇ ಹೇಳುತ್ತಾರೆ. ಜೋರು ಮಳೆ ಬಂದರೆ ದುರ್ಗಮ್ಮನ ಗುಡಿಯ ಹತ್ತಿರದ ಅಂಡರ್ ಬ್ರಿಡ್ಜ್ ತುಂಬಿಕೊಂಡು ಊರು ಎರಡು ಹೋಳು.

ಮೇಲ್ನೋಟಕ್ಕೆ ಇದು ಒಳ್ಳೆಯದೇ. ಎರಡು ಬಜಾರು, ಎರಡು ನಡು. 1961ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು, ವಿಮ್ಸ್ ಎಂದು ಹೆಸರಾದದ್ದು, ಕಂಟೋನ್ಮೆಂಟಿನ ಕಡೆ. 2010ರಲ್ಲಿ ಬಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇನ್ನೂ ಆಚೆ. ಪೇಟೆ ಒಂದು ಕಡೆ, ಬಸ್ ನಿಲ್ದಾಣ ಒಂದು ಕಡೆ, ಖಾಸಗಿ ನರ್ಸಿಂಗ್ ಹೋಂಗಳ ಸಾಲು ಮತ್ತೊಂದು ಕಡೆ. ನಕ್ಷೆ ಬಿಡಿಸಿದರೆ ಸೌಕರ್ಯಗಳು ಚೆನ್ನಾಗಿ ಹರಡಿವೆ ಎಂದು ಯಾರಾದರೂ ಅಂಕ ಕೊಟ್ಟಾರು.

ನಾನು ಕೊಡುವುದಿಲ್ಲ. ಇಲ್ಲಿ ಸೌಕರ್ಯಗಳು ಚದುರಿವೆಯೇ ಹೊರತು ಹಂಚಿಕೆಯಾಗಿಲ್ಲ. ಹಂಚುವುದೆಂದರೆ ಒಂದೇ ವಸ್ತು ಹಲವು ಕಡೆ ಸಿಗುವುದು. ಚದುರುವುದೆಂದರೆ ಬೇರೆ ಬೇರೆ ವಸ್ತು ಬೇರೆ ಬೇರೆ ಮೂಲೆಗೆ ಬೀಳುವುದು. ಹಂಚಿದರೆ ನಡಿಗೆ ಕಡಿಮೆಯಾಗುತ್ತದೆ, ಚದುರಿದರೆ ಹೆಚ್ಚುತ್ತದೆ. ಎಲ್ಲವೂ ಒಂದೇ ಪೇಟೆಯಲ್ಲಿ ಇಡಿಕಿರಿದಿದ್ದರೆ ಕನಿಷ್ಠ ಒಂದು ಆಟೊ ಬಾಡಿಗೆಯಲ್ಲಿ ಔಷಧಿ, ಬ್ಯಾಂಕು, ತರಕಾರಿ, ಬೀಗರ ಮನೆ ನಾಲ್ಕೂ ಮುಗಿಯುತ್ತಿತ್ತು. ಓಣಿಯ ಮನೆಯಲ್ಲಿ ಅತ್ತಿಗೆ ಹಾಗೆಯೇ ಬದುಕಿದವರು. ಈಗ ನಾಲ್ಕು ಕೆಲಸಕ್ಕೆ ನಾಲ್ಕು ದಿಕ್ಕು.

ಜಿಲ್ಲೆಯ ಮಟ್ಟದಲ್ಲೂ ಇದೇ ಆಟ. 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದಿಂದ ಮೈಸೂರಿಗೆ ಬಂದ ಬಳ್ಳಾರಿಗೆ ಇವತ್ತು ಕಂದಾಯ ವಿಭಾಗದ ಕಚೇರಿ ಕಲಬುರಗಿಯಲ್ಲಿ, ವಿದ್ಯುತ್ ಕಂಪನಿ ಮತ್ತು ಸಾರಿಗೆ ನಿಗಮದ ಕೇಂದ್ರ ಕಚೇರಿಗಳೂ ಅಲ್ಲೇ, ಹೈಕೋರ್ಟ್ ಪೀಠ ಧಾರವಾಡದಲ್ಲಿ, ರೈಲ್ವೆ ವಿಭಾಗ ಹುಬ್ಬಳ್ಳಿಯಲ್ಲಿ, ಉಳಿದದ್ದಕ್ಕೆ ಬೆಂಗಳೂರು. ವಿಕೇಂದ್ರೀಕರಣ ಎಂದು ಇದನ್ನು ಹೊಗಳಬಹುದು, ಉತ್ತರಕ್ಕೊಂದು ಪಶ್ಚಿಮಕ್ಕೊಂದು ಟಿಕೆಟ್ ತೆಗೆಸಿದವನು ಮಾತ್ರ ಹೊಗಳುವುದಿಲ್ಲ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆ ಮಾಡಿದ್ದು ಬೇರೆ ಬಗೆಯದು. ಜಿಲ್ಲಾಧಿಕಾರಿ ಕಚೇರಿ ಎಂಬ ಒಂದೇ ವಸ್ತು ಎರಡು ಕಡೆ ಆಯಿತು. ಹರಪನಹಳ್ಳಿಯವನು ನೂರು ಕಿಲೋಮೀಟರಿಗೂ ಮಿಕ್ಕು ದಾರಿ ಸವೆಸಿ ಬಳ್ಳಾರಿಗೆ ಬರುವುದು ತಪ್ಪಿತು. ಬಳ್ಳಾರಿಯಲ್ಲಿ ಆಗ ಬಂದ್ ನಡೆದವು. ಅಭಿಮಾನದ ಮಾತು ನನಗೂ ಅರ್ಥವಾಗುತ್ತದೆ, ಆದರೆ ಅದು ಹಂಚಿಕೆಯೇ.

ಬೆಂಗಳೂರಿನಲ್ಲಿ ನಾಲ್ಕು ದಿನ

ಫಿಸ್ಟುಲಾ ಮಾಡಿಸಲು ಅಣ್ಣನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಉಳಿದದ್ದು ಜಯನಗರದ ಸೋದರಳಿಯನ ಮನೆಯಲ್ಲಿ. 1948ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಆ ಬಡಾವಣೆಯಲ್ಲಿ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣ ನಡುವೆ ಇದೆ, ಅದಲ್ಲದೆ ಬ್ಲಾಕ್ ಬ್ಲಾಕಿಗೂ ಉದ್ಯಾನ, ಗ್ರಂಥಾಲಯ, ಬ್ಯಾಂಕು. ಅತ್ತಿಗೆ ಎರಡನೇ ದಿನವೇ ಯಾರನ್ನೂ ಕೇಳದೆ ಹೂವು ತಂದರು. ದೊಡ್ಡ ನಗರ ಎಂದರೆ ದೂರ ಎಂದುಕೊಂಡಿದ್ದ ಅವರಿಗೆ ಇದು ಓಣಿಯಂತೆಯೇ ಕಂಡಿತು.

ಸೋದರಳಿಯ ಮಾತ್ರ ಅದನ್ನು ಒಪ್ಪಲಿಲ್ಲ. “ಮಾವಾ, ನೀವು ನೋಡಿದ್ದು ಜಯನಗರ. ನನ್ನ ಆಫೀಸು ವೈಟ್‌ಫೀಲ್ಡ್‌ನಲ್ಲಿದೆ” ಎಂದ. ಹೊಸೂರು ರಸ್ತೆಯ ಕಡೆ ಕರೆದೊಯ್ದು ತೋರಿಸಿದ: ನಿಮ್ಹಾನ್ಸ್, ಕಿದ್ವಾಯಿ, ಮಕ್ಕಳ ಆಸ್ಪತ್ರೆ, ಎದೆರೋಗದ ಆಸ್ಪತ್ರೆ ಎಲ್ಲ ಒತ್ತೊತ್ತಾಗಿ. ಬಳ್ಳಾರಿಯಿಂದ ಬಂದವರಿಗೆ ಈ ಒತ್ತು ವರ. ಒಂದೇ ಲಾಡ್ಜು, ಒಂದೇ ಮೆಸ್ಸು, ಒಂದು ಆಸ್ಪತ್ರೆಯಲ್ಲಿ ಬರೆದ ಚೀಟಿಯನ್ನು ಪಕ್ಕದ ಆಸ್ಪತ್ರೆಗೆ ನಡೆದೇ ಒಯ್ಯಬಹುದು. ಯಲಹಂಕದವನಿಗೆ ಅದೇ ಒತ್ತು ಇಡೀ ನಗರವನ್ನು ಸೀಳಿಕೊಂಡು ಬರಬೇಕಾದ ಶಿಕ್ಷೆ. ಫಿಸ್ಟುಲಾ ಜೀವಮಾನಕ್ಕೆ ಒಂದೆರಡು ಸಲದ ಕೆಲಸ. ಅದಕ್ಕೆ ಬೆಂಗಳೂರಿಗೆ ಬಂದದ್ದು ನಮಗೆ ಭಾರವೆನಿಸಲಿಲ್ಲ. ಮುನ್ನೂರು ಕಿಲೋಮೀಟರಿನ ಆ ಪ್ರಯಾಣಕ್ಕಿಂತ ವಾರಕ್ಕೆರಡು ಸಲ ಗೇಟು ದಾಟುವುದೇ ನಮ್ಮ ಮನೆಗೆ ದೂರ.

ಒಂದು ಆಟೊ

ಮನೆ ಬದಲಿಸುವ ಮಾತು ಬಂತು. ಕೇಂದ್ರದ ಹತ್ತಿರ ಎರಡು ಕೋಣೆ ಬಾಡಿಗೆಗೆ ಹಿಡಿಯೋಣವೆಂದರೆ ಅಣ್ಣ ಒಪ್ಪಲಿಲ್ಲ. ಒಂದು ಸಲ ಬೇರು ಕಿತ್ತಿದ್ದು ಸಾಕು ಎಂದರು. ಕಾರು ಕೊಳ್ಳುವ ಮಾತು ಬಂದು ಕಂತಿನ ಲೆಕ್ಕದಲ್ಲಿ ಸತ್ತಿತು.

ದಾರಿ ತೆರೆದದ್ದು ಪಾಳಿಯಿಂದ. ಜೀನ್ಸ್ ಟೈಲರ್ ಇರುವುದು ಅಣ್ಣನ ಬಡಾವಣೆಯಿಂದ ಎರಡು ತಿರುವಿನಾಚೆ. ಇನ್ನೊಬ್ಬ ರೈತರು ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಇದೇ ಕ್ರಾಸಿನಲ್ಲಿ ಇಳಿದು ಆಟೊ ಹಿಡಿಯುತ್ತಿದ್ದರು. ಮೂವರೂ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ಹೋಗುತ್ತಿದ್ದರು. ಹಾಸಿಗೆ ಖಾಲಿಯಾದ ಹಾಗೆ ಹೆಸರು ಹಚ್ಚುತ್ತಾ ಬಂದದ್ದರಿಂದ ಹಾಗಾಗಿತ್ತು. ಅತ್ತಿಗೆ ಅಲ್ಲಿನ ನರ್ಸಮ್ಮನನ್ನು ಹಿಡಿದು, “ಈ ಕಡೆಯವರನ್ನು ಒಂದೇ ಪಾಳಿಗೆ ಹಾಕಿಕೊಡಮ್ಮ” ಎಂದು ಕೇಳಿದರು. ಎರಡು ತಿಂಗಳಲ್ಲಿ, ಒಂದೊಂದೇ ಹೆಸರು ಸರಿಸಿ, ಅವರು ಮಾಡಿಕೊಟ್ಟರು.

ಗೊತ್ತಾದ ಒಂದು ಆಟೊ, ಹೋಗಿಬರಲು ಮೂವರಿಗೂ ಸೇರಿ 450, ತಲಾ 150. ಜೊತೆಗೆ ಹೋಗುವವರ ಲೆಕ್ಕವೂ ಬದಲಾಯಿತು. ಮೊದಲು ಮೂರು ಮನೆಯಿಂದ ಮೂವರು ದಿನ ಕೆಡಿಸಿಕೊಳ್ಳುತ್ತಿದ್ದರು, ಈಗ ಸರದಿಯ ಮೇಲೆ ಒಬ್ಬರು. ಟೈಲರ್ ಹೆಂಡತಿಗೆ ಹೊಲಿಗೆಯ ಎರಡು ದಿನ ಉಳಿದವು. ಚಾಲಕ ಹಿಂದಿನ ಸೀಟಿಗೆ ಒಂದು ದಿಂಬು ತಂದಿಟ್ಟ, ಗೇಟು ಬೀಳುವ ಹೊತ್ತು ಯಾವುದು ಎಂದು ಕಲಿತುಕೊಂಡ. ಕೇಂದ್ರ ಒಂದು ಅಡಿಯೂ ಹತ್ತಿರ ಬಂದಿರಲಿಲ್ಲ. ಆದರೆ ಅಣ್ಣ ಮೂರನೆಯ ದಿನಕ್ಕೆ ಒಪ್ಪಿಕೊಂಡರು. ಮಂಗಳ, ಗುರು, ಶನಿ. ಕ್ಯಾಲೆಂಡರಿನಲ್ಲಿ ವಾರಕ್ಕೆ ಮೂರು ಸುತ್ತು ಬಿದ್ದವು.

ಪಾಳಿಪಟ್ಟಿಯೂ ನಗರ ಯೋಜನೆಯ ಭಾಗ ಎಂದು ಯಾವ ಪಠ್ಯದಲ್ಲೂ ನಾನು ಓದಿಲ್ಲ, ಪಾಠವನ್ನೂ ಮಾಡಿಲ್ಲ. ಈಗ ಮಾಡುತ್ತೇನೆ.

ಕಳೆದ ತಿಂಗಳು ಹಳ್ಳಿಯ ರೈತರಿಗೆ ಅವರ ತಾಲೂಕಿನ ಆಸ್ಪತ್ರೆಯಲ್ಲೇ ಹಾಸಿಗೆ ಸಿಕ್ಕಿತು. ಅವರಿಗೆ ಅದು ದೊಡ್ಡ ಬಿಡುಗಡೆ. ಕೊನೆಯ ದಿನ ಎಲ್ಲರಿಗೂ ಹೊಲದ ಬೆಂಡೆಕಾಯಿ ತಂದು ಕೊಟ್ಟು ಹೋದರು. ಹಂಚಿಕೆ ಎಂದು ನಾನು ಕರೆದದ್ದು ಇದನ್ನೇ, ಆದ್ದರಿಂದ ಗೊಣಗುವಂತಿಲ್ಲ. ಆಟೊದ ಬಾಡಿಗೆ ಮಾತ್ರ ಇಬ್ಬರ ಮೇಲೆ ಬಿದ್ದು ತಲಾ 225 ಆಗಿದೆ, ಸರದಿಯೂ ಎರಡು ಮನೆಗೆ ಇಳಿದಿದೆ. ಅದೇ ಪಾಳಿಗೆ ಈ ಕಡೆಯವರು ಬೇರೆ ಯಾರಾದರೂ ಬರುತ್ತಾರೇನೋ ಎಂದು ಅತ್ತಿಗೆ ನರ್ಸಮ್ಮನಿಗೆ ಹೇಳಿಟ್ಟಿದ್ದಾರೆ. ಮೊನ್ನೆ ಹೋದಾಗ ಬಾಗಿಲ ಹಿಂದೆ ನೋಡಿದೆ. ಮುಂದಿನ ತಿಂಗಳ ಹಾಳೆಯಲ್ಲಿ ಆಗಲೇ ಸುತ್ತುಗಳು ಬಿದ್ದಿದ್ದವು, ಮಂಗಳ, ಗುರುವಾರದವು ಕೆಂಪು ಮಸಿಯಲ್ಲಿ, ಶನಿವಾರದವು ಪೆನ್ಸಿಲಿನಲ್ಲಿ.